ಕಾಪು ಮೀರಿ ಹೋದ ಬಸ್ಸು ಮತ್ತು ಜಪಾನಿನ ‘ಸುಗಿರು’

ಉಡುಪಿಯಿಂದ ಮಂಗಳೂರಿನತ್ತ ಓಡುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಡಲ ಗಾಳಿಗೆ ಕಣ್ಣು ಹತ್ತಿತೋ, ಕಾಪು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಹೀಗೆ ಒಂದು ಜಾಗವನ್ನು ಮೀರಿ ಹೋಗುವುದಕ್ಕೆ ಜಪಾನೀ ಭಾಷೆಯಲ್ಲಿ ‘ಸುಗಿರು’ ಎಂಬ ಕ್ರಿಯಾಪದವಿದೆ. ಕಾಲ ಸರಿಯುವುದಕ್ಕೂ ಅದೇ. ಇದೇ ಪದ ಇನ್ನೊಂದು ಮಾತಿನ ಬಾಲಕ್ಕೆ ಅಂಟಿಕೊಂಡರೆ ಮಾತ್ರ ‘ಅತಿಯಾಯಿತು’ ಎಂದು ಅರ್ಥ. ಹೊತ್ತು ಮೀರಿತು, ಮಿತಿ ಮೀರಿತು ಎನ್ನುವ ಕನ್ನಡಿಗರಿಗೆ ಇದು ತೀರಾ ಪರಕೀಯವೇನಲ್ಲ.

ಉಡುಪಿಯ ರಥಬೀದಿಯ ಸುತ್ತ ಇದರ ಮೊದಲ ಪಾಠ ಬಾಳೆಲೆಯ ಮುಂದೆಯೇ ಸಿಗುತ್ತದೆ. ‘ತಬೆಮಸು’ ಎಂದರೆ ತಿನ್ನುತ್ತೇನೆ. ‘ಮಸು’ ಕಳಚಿ ಸುಗಿರು ಸೇರಿಸಿದರೆ ‘ತಬೆಸುಗಿರು’, ಹದ ಮೀರಿ ತಿನ್ನುವುದು. ಮಟ್ಟುಗುಳ್ಳದ ಸಾಂಬಾರು, ಮೇಲೆ ಪಾಯಸ ಉಂಡು ಎದ್ದವರು ‘ತಬೆಸುಗಿಮಶಿತ’ ಎಂದು ಹೊಟ್ಟೆ ಸವರಿಕೊಂಡರೆ ವ್ಯಾಕರಣದಲ್ಲಿ ತಪ್ಪಿಲ್ಲ.

ತಪ್ಪು ಬರುವುದು ನಮ್ಮ ‘ತುಂಬಾ’ದಿಂದ. ‘ಪಾಯಸ ತುಂಬಾ ಸಿಹಿ’ ಎಂದರೆ ಹೊಗಳಿಕೆಯೋ ದೂರೋ? ಹೇಳುವವರ ಮುಖ ನೋಡಿಯೇ ತಿಳಿಯಬೇಕು. ಜಪಾನಿಯಲ್ಲಿ ಹೊಗಳಿಕೆಗೆ ‘ತೊತೆಮೊ’ ಬೇರೆ, ದೂರಿಗೆ ಸುಗಿರು ಬೇರೆ. ತುಳು ಮಾತನಾಡುವ ಮಕ್ಕಳಿಗೆ ಇದು ಸ್ವಲ್ಪ ಸುಲಭ. ‘ಮಸ್ತ್ ಎಡ್ಡೆ’ ಎನ್ನುವ ನಾಲಿಗೆಯೇ ‘ಉಪ್ಪು ಜಾಸ್ತಿ ಆಂಡ್’ ಎಂದು ಬೇರೆ ಮಾತು ಹಿಡಿಯುತ್ತದೆ.

ಮಣಿಪಾಲದ ಗುಡ್ಡ ಹತ್ತಿದ ಮೇಲೆ ಈ ವ್ಯತ್ಯಾಸ ಬರೀ ಪರೀಕ್ಷೆಯ ಅಂಕದ ಮಾತಾಗಿ ಉಳಿಯುವುದಿಲ್ಲ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದಂದಿನಿಂದ ಇದು ಆಸ್ಪತ್ರೆಯ ಊರು. ಕುಶಲ ಕೆಲಸಗಾರರನ್ನು ಕಳುಹಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡವು. ವೃದ್ಧರ ಆರೈಕೆಯೂ ಅದರೊಳಗಿನ ಒಂದು ಉದ್ಯೋಗ. ಅಲ್ಲಿಗೆ ಹೋಗುವ ಹುಡುಗಿಗೆ ಒಬ್ಬ ಅಜ್ಜ ‘ಕುಸುರಿ ಒ ನೊಮಿಮಶಿತ’ ಎಂದರೆ, ಮದ್ದು ಕುಡಿದೆ ಎಂದರ್ಥ, ಸಮಾಧಾನ. ‘ನೊಮಿಸುಗಿಮಶಿತ’ ಎಂದರೋ, ಮದ್ದು ಅಳತೆ ಮೀರಿದೆ. ಕೂಡಲೇ ವೈದ್ಯರನ್ನು ಕರೆಯಬೇಕು. ನಡುವಿನ ‘ಸುಗಿ’ ಕಿವಿಗೆ ಬೀಳದಿದ್ದರೆ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆಯ ಹೊತ್ತಿಗೆ ಕಾಪುವಿಗೆ ಇಳಿದರೆ (ಈ ಸಲ ನಿದ್ದೆ ಮಾಡದೆ!) ಬಂಡೆಯ ಮೇಲೆ 1901ರ ದೀಪಸ್ತಂಭ. ದಿಗಂತದ ದೋಣಿಯನ್ನು ತೋರಿಸಿ ‘ತೋಸುಗಿತೆ ಮಿಎನಾಯ್’ ಎನ್ನಬಹುದು. ದೂರ ಹೆಚ್ಚಾಗಿ ಕಾಣುತ್ತಿಲ್ಲ. ಸುಗಿರು ಇಲ್ಲಿ ‘ಸುಗಿತೆ’ ಆಗಿ ಕಾರಣ ಹೇಳುತ್ತದೆ, ಹಿಂದೆಯೇ ಆಗದ ಕೆಲಸ ಬರುತ್ತದೆ. ಮಧ್ಯಮ ಹಂತದವರು ಪಳಗಿಸಿಕೊಳ್ಳಬೇಕಾದ ವಾಕ್ಯ ಇದು. ಇನ್ನೂ ಒತ್ತಿ ಹೇಳಬೇಕಾದರೆ ಮುಂದೆ ‘ಅಮರಿನಿ ಮೊ’ ಸೇರಿಸಬಹುದು.

ಕಾಪುವಿನಿಂದ ಶಿರ್ವದ ಮಾರ್ಗವಾಗಿ ಒಳನಾಡಿಗೆ ಹೊರಳಿದರೆ ಕಾರ್ಕಳ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ, ಸುಮಾರು 42 ಅಡಿ. ಜಪಾನಿಯಲ್ಲಿ ‘ತಕಾಇ’ ಎಂದರೆ ಎತ್ತರವೂ ಹೌದು, ದುಬಾರಿಯೂ ಹೌದು. ಕೊನೆಯ ‘ಇ’ ಬಿಟ್ಟು ‘ತಕಾಸುಗಿರು’ ಎಂದು ಅಂಗಡಿಯಲ್ಲಿ ಚೌಕಾಸಿ ಮಾಡಬಹುದು. ಆದರೆ ಬಾಹುಬಲಿಯ ಮುಂದೆ ನಿಂತು ಹಾಗೆಂದರೆ ಕೇಳಿದವರು ‘ಯಾವುದಕ್ಕೆ ಹೆಚ್ಚಾಯಿತು?’ ಎಂದು ಕಾಯುತ್ತಾರೆ. ಈಗಿನ ಜಪಾನೀ ಹುಡುಗರು ಮೆಚ್ಚುಗೆಗೂ ಸುಗಿರು ಬಳಸುವುದುಂಟು, ನಿಜ. ಅದು ಗೆಳೆಯರ ನಡುವಿನ ಸಲುಗೆಯ ಮಾತು. ಇಲ್ಲಿ ‘ತೊತೆಮೊ ತಕಾಇ’ ಎಂದರೆ ಸಾಕು.

ಆದರೂ ಗೊಮ್ಮಟನ ಕಾಲ ಬುಡದಲ್ಲಿ ನಿಂತು, ಅಪ್ಪ ಅಮ್ಮನ ಜೊತೆ ಮುಡಿಯನ್ನೂ ಪಾದವನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೆಣಗುವ ಹುಡುಗ ‘ತಕಾಸುಗಿತೆ ಹಾಇರನಾಯ್’, ಎತ್ತರ ಹೆಚ್ಚಾಗಿ ಹಿಡಿಸುತ್ತಿಲ್ಲ, ಎಂದು ಗೊಣಗಿದರೆ ಯಾವ ಮೇಷ್ಟರೂ ಅಂಕ ಕಳೆಯಲಾರರು.