ಕಾಳು ಮತ್ತು ಹಿಟ್ಟು

ವಿಡಿಯೊ ಸಂಕಲನದ ಮಾತಿನ ನಡುವೆ ‘ಕ್ಯಾಶ್’ ಎಂಬ ಪದ ಕಿವಿಗೆ ಬಿದ್ದರೆ ನಮಗೆ ಮೊದಲು ನಗದು ಹಣವೇ ನೆನಪಾಗುತ್ತದೆ. ಇದು ಬೇರೆಯೇ ಶಬ್ದ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಉತ್ತರ ಕರ್ನಾಟಕದ ಹಿರಿಯರಿಗೆ ನೆಲದೊಳಗೆ ಧಾನ್ಯ ತುಂಬಿಡುತ್ತಿದ್ದ ಹಗೇವು ನೆನಪಾದೀತು. ಆದರೆ ಹೋಲಿಕೆ ಅರ್ಧ ಮಾತ್ರ ಸರಿ. ಹಗೇವಿನಲ್ಲಿದ್ದುದು ಕಾಳು, ಕ್ಯಾಶ್‌ನಲ್ಲಿರುವುದು ರುಬ್ಬಿಟ್ಟ ಹಿಟ್ಟು. ಕಾಳಿದ್ದರೆ ಹಿಟ್ಟನ್ನು ಮತ್ತೆ ರುಬ್ಬಿಕೊಳ್ಳಬಹುದು. ಹಿಟ್ಟಿನಿಂದ ಕಾಳು ಮರಳಿ ಬಾರದು.

ನಮ್ಮ ಬಳಗ ಕೆಲವು ವರ್ಷಗಳಿಂದ ಮುಂಬಯಿಯ ಹಿರಿಯ ಕನ್ನಡಿಗರ ನೆನಪುಗಳನ್ನು ವಿಡಿಯೊದಲ್ಲಿ ದಾಖಲಿಸುತ್ತ ಬಂದಿದೆ. ಶೀರ್ಷಿಕೆಗಳಿಗೆ, ಹಳೆಯ ಛಾಯಾಚಿತ್ರಗಳಿಗೆ ಚಲನೆ ಕೊಡುವುದಕ್ಕೆ ಅಡೋಬಿ ಆಫ್ಟರ್ ಎಫೆಕ್ಟ್ಸ್ ಬಳಸುತ್ತೇವೆ. ಈ ತಂತ್ರಾಂಶ ಪ್ರತಿಯೊಂದು ಚೌಕಟ್ಟನ್ನೂ ಲೆಕ್ಕ ಹಾಕಿ ರೂಪಿಸುತ್ತದೆ. ಅದೇ ಲೆಕ್ಕವನ್ನು ಮತ್ತೆ ಮಾಡದಿರಲೆಂದು ರೂಪಿಸಿದ್ದನ್ನು ತೆಗೆದಿಡುತ್ತದೆ. ಕಾಲರೇಖೆಯ ಮೇಲೆ ಹಸಿರು ಪಟ್ಟಿ ಕಂಡರೆ ಚೌಕಟ್ಟುಗಳು ರ‍್ಯಾಮ್‌ನಲ್ಲಿವೆ ಎಂದರ್ಥ, ನೀಲಿ ಕಂಡರೆ ಡಿಸ್ಕ್‌ನಲ್ಲಿವೆ ಎಂದರ್ಥ. ರ‍್ಯಾಮ್‌ನಲ್ಲಿದ್ದುದು ತಂತ್ರಾಂಶ ಮುಚ್ಚಿದೊಡನೆ ಹೋಗುತ್ತದೆ; 2012ರ ಸಿಎಸ್6 ಆವೃತ್ತಿಯಿಂದೀಚೆಗೆ ಡಿಸ್ಕ್‌ನಲ್ಲಿದ್ದುದು ಮರುದಿನವೂ ಒದಗುತ್ತದೆ.

ಈ ಉಪಕಾರಕ್ಕೆ ತೆರುವ ಬೆಲೆ ಜಾಗ. 1920 × 1080 ಅಳತೆಯ ಒಂದು ಚೌಕಟ್ಟಿನಲ್ಲಿ 20,73,600 ಬಿಂದುಗಳು. ಬಿಂದುವೊಂದಕ್ಕೆ ಮೂರು ಬಣ್ಣ, ಒಂದು ಪಾರದರ್ಶಕತೆ ಎಂದು 4 ಬೈಟ್ ಹಿಡಿದರೆ, ಸಂಕುಚಿಸದ ಚೌಕಟ್ಟು 8 ಎಂಬಿ ಮೀರುತ್ತದೆ. ಸೆಕೆಂಡಿಗೆ 25 ಚೌಕಟ್ಟಿನಂತೆ ಒಂದೇ ನಿಮಿಷಕ್ಕೆ 12 ಜಿಬಿ ದಾಟುತ್ತದೆ. 32 ಬಿಟ್ ಬಣ್ಣವಾದರೆ ಇದರ ನಾಲ್ಕು ಪಟ್ಟು.

ಅಪಾಯ ಹುಟ್ಟುವುದು ಇಲ್ಲಿ. ಡಿಸ್ಕ್ ತುಂಬಿತೆಂಬ ಎಚ್ಚರಿಕೆ ಬಂದಾಗ, ಹೆಸರು ಅರ್ಥವಾಗದ ಕಡತಗಳನ್ನು ಮುಟ್ಟಲು ಅಂಜುವ ಕೈ, ಹೆಸರು ಗೊತ್ತಿರುವ ದೊಡ್ಡ ಕಡತದತ್ತ, ಎಂದರೆ ಎರಡು ಗಂಟೆಯ ಮೂಲ ಸಂದರ್ಶನದತ್ತ ಸಾಗುತ್ತದೆ. ಸಂಕಲಿತ ಚಿತ್ರ ಉಳಿದಿದೆಯಲ್ಲ ಎಂಬ ಸಮಾಧಾನವೂ ಜೊತೆಗಿರುತ್ತದೆ. ನಾವು ದಾಖಲಿಸಿದವರಲ್ಲಿ ಕೆಲವರು ಇಂದಿಲ್ಲ. ತಮ್ಮ ಊರಿನ ಕೇರಿಯೊಂದರ ಹೆಸರನ್ನು ನೆನೆಯಲು ಅವರು ತಡವರಿಸಿದ ಕ್ಷಣ, ಮರಾಠಿಗೆ ಜಾರಿ ಮತ್ತೆ ಕನ್ನಡಕ್ಕೆ ಬಂದ ವಾಕ್ಯ, ಇವೆಲ್ಲ ಇಪ್ಪತ್ತು ನಿಮಿಷದ ಸಂಕಲನದಲ್ಲಿ ಸೇರಿಲ್ಲ. ಮೂಲದಲ್ಲಿ ಮಾತ್ರ ಇವೆ.

ಆದ್ದರಿಂದ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಮೂಲ ಚಿತ್ರಿಕೆ ಒಂದು ಡಿಸ್ಕ್‌ನಲ್ಲಿ, ಕ್ಯಾಶ್ ಇನ್ನೊಂದು ವೇಗದ ಎಸ್‌ಎಸ್‌ಡಿಯಲ್ಲಿ. ಪ್ರಿಫರೆನ್ಸಸ್‌ನ ‘ಮೀಡಿಯಾ ಅಂಡ್ ಡಿಸ್ಕ್ ಕ್ಯಾಶ್’ ಪುಟದಲ್ಲಿ ಅದರ ಸ್ಥಳವನ್ನೂ ಗರಿಷ್ಠ ಗಾತ್ರವನ್ನೂ ಗೊತ್ತುಪಡಿಸಬಹುದು. ಖಾಲಿ ಮಾಡುವ ಗುಂಡಿಯೂ ಅಲ್ಲೇ ಇದೆ. ಆಮದಾದ ಧ್ವನಿಯಿಂದ ಸಿದ್ಧವಾಗುವ ಸಿಎಫ್‌ಎ, ಪಿಇಕೆ ಬಾಲದ ಕಡತಗಳೂ ಹಿಟ್ಟೇ. ಅಳಿಸಿದರೆ ಮುಂದಿನ ಬಾರಿ ತೆರೆದಾಗ ತಾವಾಗಿ ಹುಟ್ಟುತ್ತವೆ. ಬ್ಯಾಕಪ್‌ಗೆ ಇವನ್ನು ಸೇರಿಸುವುದಿಲ್ಲ.

ವಾರಕ್ಕೊಮ್ಮೆ ಕ್ಯಾಶ್ ಬರಿದು ಮಾಡಬೇಕೆಂಬ ಉಪದೇಶವನ್ನು ನಾವು ಒಪ್ಪುವುದಿಲ್ಲ. ಅರ್ಧ ಮುಗಿದ ಕೆಲಸದ ಹಿಟ್ಟು ಚೆಲ್ಲಿದರೆ ಕಂಪ್ಯೂಟರ್ ಅದೇ ಚೌಕಟ್ಟುಗಳನ್ನು ಮತ್ತೆ ರುಬ್ಬುತ್ತ ಕೂರಬೇಕು. ಕೆಲಸ ಮುಗಿದಾಗ, ಜಾಗ ಸಾಲದಾದಾಗ, ಇಲ್ಲವೆ ತಿದ್ದಿದ ಮೇಲೂ ಹಳೆಯ ಚಿತ್ರವೇ ತೆರೆಯ ಮೇಲೆ ಕಂಡಾಗ ಅಳಿಸಿದರೆ ಸಾಕು. ಹೊಗೆ, ನೀರುಗಳ ಸಿಮ್ಯುಲೇಷನ್ ಬಳಸುವವರು ಇನ್ನೂ ನಿಧಾನಿಸಬೇಕು. ಆ ಕ್ಯಾಶ್ ಮರಳಿ ಸಿದ್ಧವಾಗಲು ಇಡೀ ರಾತ್ರಿ ಹಿಡಿಯಬಹುದು.

ಹೊಸದಾಗಿ ಸಂಕಲನಕ್ಕೆ ಬರುವ ತರುಣರಿಗೆ ಅಳಿಸುವ ಮೊದಲು ಕೇಳಿಕೊಳ್ಳಲು ಒಂದೇ ಪ್ರಶ್ನೆ ಹೇಳಿಕೊಡುತ್ತೇವೆ: ಇದನ್ನು ಮತ್ತೆ ಉಂಟುಮಾಡಬೇಕಾದವರು ಯಾರು? ಯಂತ್ರವಾದರೆ ಧೈರ್ಯವಾಗಿ ಅಳಿಸಿ. ಮನುಷ್ಯರಾದರೆ, ಇನ್ನೊಂದು ಡಿಸ್ಕ್ ಕೊಂಡು ತನ್ನಿ.