ಒಂದು ಪಟ್ಟಿಯನ್ನು ತಿದ್ದುವಾಗ

ವಿಶ್ವಕೋಶವೊಂದಕ್ಕಾಗಿ ಹಳೆಯ ದೆಹಲಿ ಕಾಲೇಜಿನ ಪ್ರಾಂಶುಪಾಲರ ಪಟ್ಟಿಯನ್ನು ತಿದ್ದಿಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಗಣಿತ, ವಿಜ್ಞಾನಗಳನ್ನೂ ಉರ್ದುವಿನಲ್ಲೇ ಕಲಿಸಿದ ಕಾಲೇಜು ಅದು. ಬೂತ್ರೋ ಬಂದದ್ದು 1841ರಲ್ಲಿ, ಸ್ಪ್ರೆಂಗರ್ 1845ರಲ್ಲಿ. ಇಸವಿ, ಕಾಗುಣಿತ ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ತೊಡಕಾದದ್ದು ಟೇಲರ್ ಸಾಹೇಬರ ಸಾಲು. 'ಹುದ್ದೆ ತೆರವಾದ ಕಾರಣ' ಎಂಬಲ್ಲಿ 'ಮರಣ, 1857' ಎಂದಷ್ಟೇ ಇತ್ತು, ಜ್ವರ ಬಂದು ತೀರಿಕೊಂಡವರ ಹಾಗೆ! ಆ ವರ್ಷದ ಮೇ ತಿಂಗಳಲ್ಲಿ, ದಂಗೆಯೆದ್ದ ದೆಹಲಿಯಲ್ಲಿ ಅವರ ಕೊಲೆಯಾಗಿತ್ತು. 'ಹತ್ಯೆ' ಎಂದು ತಿದ್ದಿದೆವು.

ಆದರೆ ಅಷ್ಟಕ್ಕೇ ಮುಗಿಯಿತೇ? ಆ ಸಾವಿನ ಹೊಣೆ ಹೊರಿಸಿ ಬ್ರಿಟಿಷರು 'ದೆಹಲಿ ಉರ್ದು ಅಖ್ಬಾರ್'ನ ಸಂಪಾದಕ ಮೌಲ್ವಿ ಮುಹಮ್ಮದ್ ಬಾಕಿರ್ ಅವರನ್ನು ಅದೇ ವರ್ಷ ಕೊಂದರು. ಅವರೂ ಅದೇ ಕಾಲೇಜಿನಲ್ಲಿ ಓದಿದವರು, ಕೆಲಕಾಲ ಪಾಠ ಹೇಳಿದವರು. ಉರ್ದು ಓದಿದ ನಮ್ಮಂಥವರ ಕೈಗೆ 'ಆಬೆ ಹಯಾತ್' ಕೊಟ್ಟ ಮುಹಮ್ಮದ್ ಹುಸೇನ್ ಆಜಾದ್ ಅವರ ಮಗ. ಪ್ರಾಂಶುಪಾಲರ ಪಟ್ಟಿಯಲ್ಲಿ ಇಂಥ ಮೌಲ್ವಿಗೆ ಎಲ್ಲಿಯ ಜಾಗ?

ಟೇಲರ್ ಹೆಸರಿನ ಕೆಳಗೆ ಎರಡು ಸಾಲಿನ ಟಿಪ್ಪಣಿ ಬರೆದು ಕಳಿಸಿದ್ದೇವೆ. ಸ್ಥಳ ಸಾಲದಿದ್ದರೆ ಸ್ಪ್ರೆಂಗರ್ ಅವರ ಪದವಿಗಳನ್ನು ಕಡಿಮೆ ಮಾಡಿ, ಮೌಲ್ವಿಯವರನ್ನು ಮಾತ್ರ ತೆಗೆಯಬೇಡಿ ಎಂದೂ ತಿಳಿಸಿದ್ದೇವೆ.