ದಂತ್ಯಾಕ್ಷರಗಳ ಬೆಲೆ

ವರ್ಣಗಳ ಉತ್ಪತ್ತಿಸ್ಥಾನವನ್ನು ಹೇಳುವಾಗ ವೈಯಾಕರಣರು ತವರ್ಗವನ್ನೂ ಲಕಾರ ಸಕಾರಗಳನ್ನೂ ದಂತ್ಯಗಳೆಂದು ಕರೆದಿದ್ದಾರೆ. ಈ ಪಾಠವನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಗುಬ್ಬಿಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಅದರ ಪೂರ್ಣಾರ್ಥವು ತಿಳಿದುದು ಮೇಲ್ದವಡೆಯ ಎದುರು ಹಲ್ಲುಗಳು ಬಿದ್ದುಹೋದ ಮೇಲೆ. ಸಂಜೆಯ ಹೊತ್ತು ನಾಲ್ಕಾರು ಮಂದಿಯನ್ನು ಕೂರಿಸಿಕೊಂಡು ಗದುಗಿನ ಭಾರತವನ್ನು ವಾಚಿಸುತ್ತಿದ್ದ ಅವರು, ದಕಾರವು ಬರಿಯ ಗಾಳಿಯಾಗಿ ಹೊರಡುವುದನ್ನು ಕೇಳಿ, ಒಂದು ದಿನ ಪುಸ್ತಕವನ್ನು ಕಟ್ಟಿ ಮೇಲಿಟ್ಟರು. ಅಡಕೆಯ ಸೀಮೆಯವರು, ಎಲೆಯಡಕೆಯೊಡನೆ ಹೊಗೆಸೊಪ್ಪೂ ಬಾಯಲ್ಲಿರುತ್ತಿತ್ತು. ವಸಡು ಸಡಿಲವಾಗಿ ವರ್ಷಗಳೇ ಕಳೆದಿದ್ದರೂ ನೋವಿಲ್ಲವೆಂದು ಸುಮ್ಮನಿದ್ದರು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ತಂದೆತಾಯಿಗಳಿಗೆ ಆರೋಗ್ಯವಿಮೆಯನ್ನು ಮಾಡಿಸಿದ್ದನು. ಆ ಧೈರ್ಯದಿಂದ ತುಮಕೂರಿಗೆ ಹೋಗಿ, ಅಲುಗುತ್ತಿದ್ದ ಹಲ್ಲುಗಳನ್ನು ಕೀಳಿಸಿ, ಉಳಿದವಕ್ಕೆ ಚಿಕಿತ್ಸೆ ಮಾಡಿಸಿಕೊಂಡು, ರಸೀದಿಗಳನ್ನು ಕಳುಹಿಸಿದರು. ಅಪಘಾತದಿಂದ ಆದುದಲ್ಲ, ಆಸ್ಪತ್ರೆಯಲ್ಲಿ ದಾಖಲಾದುದೂ ಇಲ್ಲ, ಆದಕಾರಣ ಹಣ ಸಲ್ಲದು ಎಂಬ ಉತ್ತರ ಬಂದಿತು.

ಅವರ ಬೀಗರು ಕುಣಿಗಲ್ಲಿನವರು. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ದವಡೆಯ ಮೂಳೆ ಮುರಿದುಕೊಂಡು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಅವರಿಗೆ ಅಂಥದೇ ವಿಮೆಯಿಂದ ದವಡೆಯ ವೆಚ್ಚವೂ ಹಲ್ಲಿನ ವೆಚ್ಚವೂ ಸಂದಿದ್ದವು. ಮನೆಯ ಶುಭಕಾರ್ಯದಲ್ಲಿ ಈ ಮಾತು ಬಂದಾಗ ಉಪಾಧ್ಯಾಯರು, “ಹಾಗಾದರೆ ಬೀಗರೇ, ನಾನೂ ಒಮ್ಮೆ ಬಿದ್ದು ಬರಬೇಕಾಗಿತ್ತೇನು?” ಎಂದು ಕೇಳಿದರಂತೆ. ನಗುವಿಗೆ ಹೇಳಿದ ಮಾತಾದರೂ ವಿಮೆಯ ಮರ್ಮವೆಲ್ಲ ಅದರಲ್ಲಿಯೇ ಅಡಗಿದೆ.

1986ರಲ್ಲಿ ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು ಆರಂಭಿಸಿದಾಗ ಅದು ಆಸ್ಪತ್ರೆವಾಸದ ಖರ್ಚಿಗೆಂದೇ ಹುಟ್ಟಿದುದು. ಯಾರಿಗೆ ಯಾವಾಗ ಬಂದೀತೆಂದು ತಿಳಿಯದ ಆಪತ್ತನ್ನು ಹಲವರು ಸೇರಿ ಹೊರುವುದೇ ವಿಮೆ. ಹುಳುಕಾದರೋ ಅನಿರೀಕ್ಷಿತವಲ್ಲ, ಹೆಚ್ಚುಕಡಮೆ ಎಲ್ಲರ ಬಾಯಿಗೂ ಬರುವುದು, ನಿಧಾನವಾಗಿ ಬರುವುದು. ಎಲ್ಲರೂ ಕೇಳುವ ಹಣವನ್ನು ಎಲ್ಲರಿಂದಲೂ ಮೊದಲೇ ಸಂಗ್ರಹಿಸಬೇಕಲ್ಲವೆ? ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯೂ ದೊಡ್ಡ ಶಸ್ತ್ರಚಿಕಿತ್ಸೆಗಳ ಭಾರವನ್ನು ಹೊತ್ತು ಹಲ್ಲನ್ನು ಹೊರಗಿಟ್ಟಿತು. ಇದರಲ್ಲೊಂದು ವೈಚಿತ್ರ್ಯವುಂಟು. ಹೊಗೆಸೊಪ್ಪಿನಿಂದ ಬಾಯಲ್ಲಿ ಅರ್ಬುದವಾದರೆ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವ ವಿಮೆ, ಅದನ್ನು ಮೊದಲೇ ಕಂಡುಹಿಡಿಯಬಹುದಾದ ದಂತಪರೀಕ್ಷೆಗೆ ಸಾಮಾನ್ಯವಾಗಿ ಕಾಸನ್ನೂ ಬಿಚ್ಚುವುದಿಲ್ಲ.

ಈಚೆಗೆ ಹೊರರೋಗಿ ಚಿಕಿತ್ಸೆಯೊಡನೆ ಹಲ್ಲನ್ನೂ ಸೇರಿಸಿಕೊಳ್ಳುವ ಪಾಲಿಸಿಗಳು ಬಂದಿವೆ. ಅವುಗಳಲ್ಲಿ ವಾರ್ಷಿಕ ಮಿತಿ, ಕಾಯುವ ಅವಧಿ, ಹೊರಗಿಟ್ಟ ಚಿಕಿತ್ಸೆಗಳು ಎಂಬ ಮೂರು ಬಾಗಿಲುಗಳಿರುತ್ತವೆ. ಉದಾಹರಣೆಗೆ, ಹೆಚ್ಚುವರಿ ಕಂತು 3,000 ರೂಪಾಯಿ, ವರ್ಷದ ಮಿತಿ 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎಷ್ಟೇ ಖರ್ಚಾದರೂ ಲಾಭ 2,000 ರೂಪಾಯಿಯನ್ನು ಮೀರದು. ಏನೂ ಮಾಡಿಸದಿದ್ದರೆ 3,000 ಹೋಯಿತು. ಆದರೂ ಅದು ನಿಷ್ಪ್ರಯೋಜಕವೆನ್ನಲಾಗದು. ಕಟ್ಟಿದ ಹಣ ದಂಡವಾದೀತೆಂಬ ಭಯದಿಂದಲಾದರೂ ವರ್ಷಕ್ಕೊಮ್ಮೆ ಹಲ್ಲು ತೋರಿಸುವ ಕುಟುಂಬಕ್ಕೆ ಅದರಿಂದ ಉಪಕಾರವುಂಟು. ಸಂಬಳದೊಡನೆ ಮಾಲೀಕನೇ ಕೊಡಿಸುವುದಾದರೆ ಸ್ವೀಕರಿಸದಿರುವುದು ಮೌಢ್ಯ.

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂಬ ಹೆಸರಿದೆ. ಎರಡು ಸಲ ಹುಟ್ಟುತ್ತದೆ. ಮೂರನೆಯ ಹುಟ್ಟನ್ನು ವೈದ್ಯನೇ ಕೊಡಬೇಕು, ಹಣವನ್ನು ನಾವು ಕೊಡಬೇಕು. ಬಡತನದ ರೇಖೆಗಿಂತ ಕೆಳಗಿರುವ ವೃದ್ಧರಿಗೆ ಉಚಿತವಾಗಿ ದಂತಪಂಕ್ತಿಯನ್ನು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ಕರ್ನಾಟಕ ಸರ್ಕಾರವು 2014ರಲ್ಲಿ ಆರಂಭಿಸಿತು. ಪಿಂಚಣಿದಾರರಾದ ಉಪಾಧ್ಯಾಯರಿಗೆ ಆ ಚೀಟಿಯಿಲ್ಲ. ಅಗಳಕೋಟೆಯ ಶ್ರೀ ಸಿದ್ಧಾರ್ಥ ದಂತ ಕಾಲೇಜಿನಂತಹ ಕಡೆ ಅಧ್ಯಾಪಕರ ಕಣ್ಣೆದುರಿಗೆ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ವೆಚ್ಚ ಕಡಮೆ, ಹೋಗಿಬರುವ ಸಲ ಹೆಚ್ಚು. ಕೊನೆಗೆ ಕಾಲೇಜಿನ ದಾರಿಯನ್ನೇ ಹಿಡಿದು, ಗುಬ್ಬಿಯ ಬಸ್ಸಿನಲ್ಲಿ ಆರು ಸಲ ಓಡಾಡಿ ಹಲ್ಲು ಕಟ್ಟಿಸಿಕೊಂಡರು. ಹೊಗೆಸೊಪ್ಪಿನ ಡಬ್ಬಿ ಮನೆಯಿಂದ ಹೊರಗೆ ಹೋಯಿತು. ಮೊದಲ ವಾರ ಹೊಸ ಹಲ್ಲಿನಲ್ಲಿ ಸಕಾರವೆಲ್ಲ ಶಕಾರವಾಯಿತಂತೆ. ಕನ್ನಡಿಯ ಮುಂದೆ ಕುಳಿತು, ಒಂದನೆಯ ತರಗತಿಯ ಬಾಲಕನಂತೆ, ತ ಥ ದ ಧ ನ ಎಂದು ಒಂದು ತಿಂಗಳು ಅಭ್ಯಾಸ ಮಾಡಿದರು. ಈಗ ಸಂಜೆ ಮತ್ತೆ ಭಾರತದ ಪುಸ್ತಕ ಬಿಚ್ಚಿದೆ.